ಭೂಮಿ ಕೊಡುವ ಮುನ್ನ ಕರಾರು ಇರಲಿ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡದವರು ಆ ಸೀಮೆಯಲ್ಲಿ ವಿರಳ. ಪಾಳೆಯಗಾರ ಹನುಮಪ್ಪನಾಯಕನ ಕಾಲದ ಆ ಕೊಳದ ಮಗ್ಗುಲಲ್ಲೇ ಮತ್ತೊಂದು ಹಳೆಯ ಕಟ್ಟಡವಿದೆ. ಬಿಜಾಪುರದ ಸೇನಾನಿ ರಣದುಲ್ಲಾಖಾನನ ಹೆಸರಿನೊಡನೆ ಬೆಸೆದುಕೊಂಡಿರುವ ಅದನ್ನು ಜನ ಮುಸಾಫಿರ್‌ಖಾನೆ ಎಂದು ಕರೆಯುತ್ತಾರೆ. ಮುಸಾಫಿರನೆಂದರೆ ದಾರಿಹೋಕ. ಅವನಿಗೆ ಅಂದು ಬೇಕಾಗಿದ್ದುದು ತಲೆಯ ಮೇಲೊಂದು ಸೂರು, ಕೈಗೆಟಕುವಷ್ಟು ದೂರದಲ್ಲಿ ನೀರು. ಮಿಕ್ಕದ್ದೆಲ್ಲ ಊರಿನಿಂದಲೇ ಒದಗಬೇಕಿತ್ತು. ಅಕ್ಕಿ ಬೇಳೆ ಸಂತೆಯಿಂದ, ಸೌದೆ ಬೇಲಿಯಂಚಿನಿಂದ, ಎತ್ತಿಗೆ ಮೇವು ರೈತನ ಬಣವೆಯಿಂದ. ನಾಡಿನುದ್ದಕ್ಕೂ ಹರಡಿದ್ದ ಛತ್ರಗಳೂ ಅರವಟಿಗೆಗಳೂ ಇದೇ ಬಗೆಯವು. ಬಂದವನು ಊರನ್ನು ನಂಬಿ ತಂಗುತ್ತಿದ್ದನು, ಬೆಳಗಾದರೆ ಊರಿಗೆ ಕೈಮುಗಿದು ಹೊರಡುತ್ತಿದ್ದನು.

ಇಂದು ಪ್ರವಾಸಿಗನನ್ನು ಕಾಯುತ್ತಿರುವ ರೆಸಾರ್ಟು ಈ ಸಂಬಂಧವನ್ನು ತಲೆಕೆಳಗು ಮಾಡಿದೆ. ಅದರ ಕಾಂಪೌಂಡಿನೊಳಗೆ ಊಟದ ಮನೆ, ಈಜುಕೊಳ, ಆಟದ ಬಯಲು, ಮದುವೆಯ ಹುಲ್ಲುಹಾಸು, ಅಂಗಡಿ, ಸ್ವಂತ ಕೊಳವೆಬಾವಿ, ಸ್ವಂತ ಜನರೇಟರು ಎಲ್ಲವೂ ಇವೆ. ಒಳಬಂದವನು ಮೂರು ದಿನ ಉಳಿದು, ಪಕ್ಕದ ಹಳ್ಳಿಯ ಹೆಸರನ್ನೂ ತಿಳಿಯದೆ ಮರಳಬಹುದು. ಊರನ್ನು ನಂಬಿ ಅತಿಥಿ ಇರುತ್ತಿದ್ದ ಕಾಲ ಹೋಗಿ, ಅತಿಥಿಗಾಗಿ ಕಟ್ಟಿದ ಬೇಲಿಯೊಳಗಿನ ಹೊಸ ಊರನ್ನು ನಂಬಿ ಹಳೆಯ ಊರು ಇರಬೇಕಾದ ಕಾಲ ಬಂದಿದೆ. ಸೂಳೆಕೆರೆಯ ದಂಡೆಯನ್ನೂ ಭದ್ರೆಯ ಹಿನ್ನೀರನ್ನೂ ಮಲೆನಾಡಿನ ಗುಡ್ಡಗಳನ್ನೂ ‘ಪ್ರವಾಸಿ ತಾಣ’ವಾಗಿ ಅಭಿವೃದ್ಧಿಪಡಿಸಬೇಕೆಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತಿರುವಾಗ, ಈ ಬದಲಾವಣೆ ಹೇಗಾಯಿತೆಂಬುದನ್ನು ಹಳ್ಳಿಯ ಜನರೂ ವಿದ್ಯಾರ್ಥಿಗಳೂ ಅರಿತುಕೊಳ್ಳುವುದು ಅಗತ್ಯ.

ತಂಪು ಹವೆಗಾಗಿ, ಆರೋಗ್ಯಕ್ಕಾಗಿ ಊರು ಬಿಟ್ಟು ಹೋಗಿ ತಂಗುವ ವಾಡಿಕೆ ಹಳೆಯದು. ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಗಳಿಗೆ ಶ್ರೀಮಂತರು ಹೋಗುತ್ತಿದ್ದರು. ಭಾರತಕ್ಕೆ ಬಂದ ಬ್ರಿಟಿಷರು ಬೇಸಿಗೆಯ ಬೇಗೆ ತಾಳಲಾರದೆ ಬೆಟ್ಟ ಏರಿದರು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲ್ಲಿವನ್ 1820ರ ದಶಕದಲ್ಲಿ ಊಟಿಯಲ್ಲಿ ಮನೆ ಕಟ್ಟಿಸಿದನು. ಅಲ್ಲಿನ ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಭೂಮಿ ಪಡೆದನೆಂದು ಹೇಳಲಾಗುತ್ತದೆ. ಮುಂದೆ ಅದೇ ಊಟಿ ಮದರಾಸು ಪ್ರಾಂತ್ಯದ ಬೇಸಿಗೆ ರಾಜಧಾನಿಯಾಯಿತು. ಎಮ್ಮೆ ಮೇಯಿಸಿಕೊಂಡಿದ್ದ ತೋಡರು ತಮ್ಮ ಹುಲ್ಲುಗಾವಲಿನಲ್ಲೇ ನೋಡುವ ವಸ್ತುವಾದರು. ಮೈಸೂರು ಸಂಸ್ಥಾನದಲ್ಲೂ ನಂದಿಬೆಟ್ಟ, ಕೆಮ್ಮಣ್ಣುಗುಂಡಿಗಳು ಬೇಸಿಗೆಯ ಬೀಡುಗಳಾದವು. ಆದರೂ ಇವು ಕೆಲವೇ ಅಧಿಕಾರಸ್ಥರ ಸೌಕರ್ಯಗಳಾಗಿದ್ದವು. ಜೋಗದ ಬಂಗಲೆಗಳಾಗಲಿ, ತಾಲ್ಲೂಕು ಕೇಂದ್ರಗಳ ಪ್ರವಾಸಿ ಮಂದಿರಗಳಾಗಲಿ ನಾಲ್ಕೈದು ಕೋಣೆಗಳನ್ನು ಮೀರುತ್ತಿರಲಿಲ್ಲ. ಅಡುಗೆಯವನು ಊರಿನವನೇ, ಕೋಳಿ ತರಕಾರಿ ಊರಿನದೇ.

ರಜೆ ಎಂಬುದು ಸಾಮಾನ್ಯನ ಹಕ್ಕಾದದ್ದು ಕಾರ್ಮಿಕರ ಹೋರಾಟದಿಂದ ಎಂಬುದನ್ನು ಇಲ್ಲಿ ಮರೆಯಬಾರದು. ಫ್ರಾನ್ಸಿನಲ್ಲಿ 1936ರ ದೊಡ್ಡ ಮುಷ್ಕರಗಳ ನಂತರ ಕಾರ್ಮಿಕನಿಗೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ಸಿಕ್ಕಿತು. ದುಡಿದು ದಣಿದವನು ಸಮುದ್ರವನ್ನೋ ಬೆಟ್ಟವನ್ನೋ ನೋಡಬಯಸುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಬಯಕೆಯನ್ನು ಬಹುಬೇಗ ಒಂದು ಉದ್ಯಮ ಕೈಗೆತ್ತಿಕೊಂಡಿತು. 1950ರಲ್ಲಿ ಜೆರಾರ್ ಬ್ಲಿಟ್ಜ್ ಎಂಬಾತ ಸ್ಪೇನಿನ ಮಯೋರ್ಕಾ ದ್ವೀಪದ ಕಡಲ ತೀರದಲ್ಲಿ ಯುದ್ಧಕಾಲದ ಹಳೆಯ ಡೇರೆಗಳನ್ನು ಹಾಕಿ ‘ಕ್ಲಬ್ ಮೆಡ್’ ಆರಂಭಿಸಿದನು. ಅವನ ಹೊಸ ಉಪಾಯವೆಂದರೆ ತಂಗುವುದು, ಊಟ, ಆಟ ಎಲ್ಲಕ್ಕೂ ಸೇರಿಸಿ ಮುಂಗಡವಾಗಿ ಒಂದೇ ಮೊತ್ತ ಪಡೆಯುವುದು. ಎಲ್ಲಕ್ಕೂ ಮೊದಲೇ ಹಣ ತೆತ್ತವನು ಹೊರಗಿನ ಹೋಟೆಲಿನಲ್ಲೇಕೆ ಉಣ್ಣುತ್ತಾನೆ? ಹೊರಗಿನ ಅಂಗಡಿಯಲ್ಲೇಕೆ ಕೊಳ್ಳುತ್ತಾನೆ? ಡೇರೆಗಳು ಹೋಗಿ ಕಟ್ಟಡಗಳು ಬಂದವು, ಈ ಲೆಕ್ಕಾಚಾರ ಮಾತ್ರ ಜಗತ್ತಿನುದ್ದಕ್ಕೂ ಉಳಿಯಿತು.

ಜೆಟ್ ವಿಮಾನಗಳು ಬಂದ ಮೇಲೆ ಸರ್ಕಾರಗಳೇ ಈ ಉದ್ಯಮದ ಯೋಜಕರಾದವು. ಮೆಕ್ಸಿಕೋ ದೇಶದ ಕೇಂದ್ರ ಬ್ಯಾಂಕು 1960ರ ದಶಕದ ಕೊನೆಯಲ್ಲಿ ವಿದೇಶಿ ಹಣ ಗಳಿಸಲು ತಕ್ಕ ಕಡಲ ತೀರವನ್ನು ಹುಡುಕಿತು. ಬೆರಳೆಣಿಕೆಯ ಜನರಿದ್ದ ಕಾನ್‌ಕುನ್ ಎಂಬ ಮರಳ ದಿಬ್ಬವನ್ನು ಆರಿಸಿಕೊಂಡಿತು. 1974ರಲ್ಲಿ ಅಲ್ಲಿ ಮೊದಲ ಹೋಟೆಲುಗಳು ತೆರೆದವು. ಹೋಟೆಲುಗಳಿಗೆ ದಿಬ್ಬ, ದುಡಿಯುವವರಿಗೆ ಒಳನಾಡಿನಲ್ಲಿ ಬೇರೆಯೇ ಪಟ್ಟಣ ಎಂಬ ವಿಂಗಡಣೆ ನಕ್ಷೆಯಲ್ಲಿಯೇ ಇತ್ತು. ಕಾಂಡ್ಲಾ ಕಾಡುಗಳು ಕರಗಿದವು, ಮರಳನ್ನು ಹಿಡಿದಿಡುತ್ತಿದ್ದ ದಿಬ್ಬಗಳ ಮೇಲೆ ಕಾಂಕ್ರೀಟು ಎದ್ದಿತು. 2005ರ ವಿಲ್ಮಾ ಚಂಡಮಾರುತ ಕಡಲ ತೀರದ ಮರಳನ್ನೇ ಕೊಚ್ಚಿಕೊಂಡು ಹೋದಾಗ, ಕಡಲ ತಳದಿಂದ ಮರಳೆತ್ತಿ ತಂದು ಸುರಿಯಬೇಕಾಯಿತು. ಅಮೆರಿಕದ ಫ್ಲಾರಿಡಾದಲ್ಲಿ 1971ರಲ್ಲಿ ತೆರೆದ ಡಿಸ್ನಿ ವಿಹಾರಧಾಮಕ್ಕೆ ಕೊಂಡ ಜಾಗವಂತೂ ಸುಮಾರು 27,000 ಎಕರೆ. ನಾಡಿನ ಅತಿ ದೊಡ್ಡ ಕೆರೆಗಳಲ್ಲೊಂದಾದ ಸೂಳೆಕೆರೆಯ ವಿಸ್ತಾರ ಐದು ಸಾವಿರ ಎಕರೆಗಳಿಗಿಂತ ತುಸು ಹೆಚ್ಚು ಎಂಬುದನ್ನು ನೆನೆದರೆ, ಬೇಲಿಯೊಳಗಿನ ಊರು ಎಷ್ಟು ದೊಡ್ಡದಾಗಿ ಬೆಳೆಯಬಲ್ಲುದೆಂಬುದು ತಿಳಿದೀತು.

ಭಾರತದಲ್ಲೂ ದಾರಿ ತೋರಿದ್ದು ಸರ್ಕಾರವೇ. 1966ರಲ್ಲಿ ಹುಟ್ಟಿದ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಕೇರಳದ ಕೋವಳಂ ತೀರದಲ್ಲಿ ವಿಹಾರಧಾಮ ಕಟ್ಟಿತು. ಕರ್ನಾಟಕದಲ್ಲಿ 1980ರಲ್ಲಿ ಖಾಸಗಿ ಸಂಸ್ಥೆಯೊಂದರ ಸಹಭಾಗಿತ್ವದಲ್ಲಿ ಜಂಗಲ್ ಲಾಡ್ಜಸ್ ಸ್ಥಾಪನೆಯಾಯಿತು. ಕಬಿನಿ ಹಿನ್ನೀರಿನ ದಂಡೆಯ ಕಾರಾಪುರದಲ್ಲಿ ಅದು ತನ್ನ ಮೊದಲ ತಂಗುದಾಣವನ್ನು ತೆರೆಯಿತು. ಬೇಟೆಗೆ ಹೆಸರಾಗಿದ್ದ ಕಾಡಿನಲ್ಲಿ ಕೋವಿಯ ಬದಲು ಕ್ಯಾಮೆರಾ ಹಿಡಿದವರು ಬರಲಿ ಎಂಬ ಅದರ ಉದ್ದೇಶ ಒಳ್ಳೆಯದೇ ಆಗಿತ್ತು. ಕಾಡು ಉಳಿದರೆ ಹಣ ಬರುತ್ತದೆಂಬುದನ್ನು ಆಡಳಿತಕ್ಕೆ ಮನದಟ್ಟು ಮಾಡಿಸಿದ್ದೂ ಹೌದು. ಭದ್ರಾ ಹಿನ್ನೀರಿನ ಲಕ್ಕವಳ್ಳಿಯಲ್ಲೂ ಈ ಸಂಸ್ಥೆಯ ತಂಗುದಾಣವಿದೆ. ಆದರೆ ಸರ್ಕಾರ ತೋರಿಸಿದ ನೋಟದ ಬೆಲೆಯನ್ನು ಖಾಸಗಿ ಬಂಡವಾಳ ಬೇಗ ಗುರುತಿಸಿತು. ಹಿನ್ನೀರಿನ ಮಗ್ಗುಲಲ್ಲಿ, ಕಾಡಿನಂಚಿನಲ್ಲಿ ಒಂದರ ಪಕ್ಕ ಒಂದು ಬೇಲಿ ಎದ್ದಿತು.

ಮಲೆನಾಡು ಮತ್ತು ಕೊಡಗಿನಲ್ಲಿ ಈ ಬೆಳವಣಿಗೆಗೆ ಇನ್ನೊಂದು ಕಾರಣವೂ ಕೂಡಿಕೊಂಡಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. 1990ರ ದಶಕದಲ್ಲಿ ಕಾಫಿ ಮಾರಾಟವು ಕಾಫಿ ಮಂಡಳಿಯ ಕೈಯಿಂದ ಮುಕ್ತ ಮಾರುಕಟ್ಟೆಗೆ ಬಂತು. ದಶಕದ ಕೊನೆಯಿಂದ ಕೆಲವು ವರ್ಷ ಬೆಲೆ ಪಾತಾಳ ಕಂಡಿತು. ಸಾಲದಲ್ಲಿ ಮುಳುಗಿದ ಸಣ್ಣ ಬೆಳೆಗಾರ ತನ್ನ ಮನೆಯ ಎರಡು ಕೋಣೆಗಳನ್ನು ಅತಿಥಿಗೆ ಬಿಟ್ಟುಕೊಟ್ಟನು. ಆ ಕಾಲದ ಹೋಂಸ್ಟೇಗಳು ಎಷ್ಟೋ ಕುಟುಂಬಗಳ ತೋಟವನ್ನು ಉಳಿಸಿಕೊಟ್ಟವು. ಅದೇ ಹೊತ್ತಿಗೆ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯಮವು ವಾರಕ್ಕೆರಡು ದಿನ ರಜೆಯನ್ನೂ ಕೈತುಂಬ ಸಂಬಳವನ್ನೂ ಪಡೆದ ಹೊಸ ವರ್ಗವೊಂದನ್ನು ಸೃಷ್ಟಿಸಿತು. ಹೆದ್ದಾರಿಗಳು ಅಗಲವಾದವು. ಶುಕ್ರವಾರ ರಾತ್ರಿ ಹೊರಟ ಕಾರು ಶನಿವಾರ ಬೆಳಗಿಗೆ ಮುಳ್ಳಯ್ಯನಗಿರಿಯ ಬುಡದಲ್ಲಿರುವುದು ಸಾಧ್ಯವಾಯಿತು. ಎರಡು ಕೋಣೆಯ ಹೋಂಸ್ಟೇ ಇದ್ದ ಊರಿಗೆ ಹಣವಂತರು ಬಂದರು. ಸೋತ ತೋಟವನ್ನು ಕೊಂಡು ಗುಡ್ಡ ಕಡಿದು ಸಮಮಾಡಿ, ನೂರು ಕೋಣೆಗಳ ರೆಸಾರ್ಟು ಕಟ್ಟಿದರು. ಹೋಂಸ್ಟೇ ಮತ್ತು ರೆಸಾರ್ಟುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಎರಡನ್ನೂ ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು. ಒಂದರಲ್ಲಿ ಮನೆಯವರು ಅಲ್ಲೇ ಇರುತ್ತಾರೆ. ಬಾವಿ ಬತ್ತಿದರೆ ಅವರಿಗೂ ನೀರಿಲ್ಲ. ಇನ್ನೊಂದರ ಒಡೆಯ ಎಲ್ಲೋ ನಗರದಲ್ಲಿರುತ್ತಾನೆ. ಇಲ್ಲಿನ ನೀರು ಬತ್ತಿದರೆ ಟ್ಯಾಂಕರ್ ತರಿಸುತ್ತಾನೆ, ಗುಡ್ಡ ಜಾರಿದರೆ ವಿಮೆ ಪಡೆಯುತ್ತಾನೆ.

ಬಯಲುಸೀಮೆಯ ಹಳ್ಳಿಗಳಿಗೆ ‘ರೆಸಾರ್ಟು’ ಎಂಬ ಪದ ಪರಿಚಯವಾದದ್ದು ಬಹುಪಾಲು ರಾಜಕೀಯದ ಸುದ್ದಿಯಿಂದ. 1984ರಲ್ಲಿ ಆಂಧ್ರದ ಎನ್.ಟಿ. ರಾಮರಾವ್ ಅವರ ಬೆಂಬಲಿಗ ಶಾಸಕರನ್ನು ಕರ್ನಾಟಕಕ್ಕೆ ಕರೆತಂದು ಇರಿಸಲಾಗಿತ್ತು. ಮುಂದೆ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿನಲ್ಲಿ ಕೂಡಿಹಾಕುವುದು ರಾಜ್ಯದ ವಾಡಿಕೆಯೇ ಆಗಿ, ‘ರೆಸಾರ್ಟ್ ರಾಜಕೀಯ’ ಎಂಬ ನುಡಿಗಟ್ಟು ಹುಟ್ಟಿತು. ಶಾಸಕರನ್ನು ಛತ್ರದಲ್ಲಾಗಲಿ ಪ್ರವಾಸಿ ಮಂದಿರದಲ್ಲಾಗಲಿ ಹೀಗೆ ಬಚ್ಚಿಡಲು ಬರುವುದಿಲ್ಲ, ಅಲ್ಲಿಗೆ ಊರಿನವರು ನಡೆದು ಬಂದಾರು. ಹೊರಗಿನವರು ಒಳಬರಲಾರದ, ಒಳಗಿನವರಿಗೆ ಹೊರಗಿನ ಅಗತ್ಯವೇ ಬೀಳದ ಜಾಗವೆಂದರೆ ರೆಸಾರ್ಟು ಎಂಬುದನ್ನು ಜನಪ್ರತಿನಿಧಿಗಳೇ ಸಾಬೀತುಪಡಿಸಿ ಕೊಟ್ಟಿದ್ದಾರೆ.

ಈ ಬೇಲಿಯೊಳಗೆ ಮೊದಲು ಹೋಗುವುದು ನೀರು. ಲೆಕ್ಕ ಸರಳವಾಗಿದೆ, ಶಾಲೆಯ ಮಕ್ಕಳೂ ಮಾಡಬಹುದು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಪ್ರದೇಶದ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿತು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ ಸಾಮಾನ್ಯ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್, ಪಂಚತಾರಾ ಹೋಟೆಲಿನ ಹಾಸಿಗೆಗೆ 320 ಲೀಟರ್ ಬೇಕು. ಅಂದರೆ ನೂರು ಹಾಸಿಗೆಗಳ ಪಂಚತಾರಾ ವಿಹಾರಧಾಮವೊಂದು ದಿನಕ್ಕೆ 32,000 ಲೀಟರ್ ಬಳಸುತ್ತದೆ. ಇದು ಸುಮಾರು 580 ಹಳ್ಳಿಗರ ಪಾಲಿನ ನೀರು. ಈಜುಕೊಳ ಇದಕ್ಕೆ ಹೊರತು. ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳವನ್ನು ಒಮ್ಮೆ ತುಂಬಿಸಲು ಮೂರು ಲಕ್ಷ ಲೀಟರ್ ಬೇಕು. ಸಾವಿರ ಜನರಿರುವ ಊರಿಗೆ ಐದು ದಿನ ಸಾಲುವ ನೀರದು. ಬೇಸಿಗೆಯ ಹುಲ್ಲುಹಾಸಿಗೆ ಹನಿಸುವ ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಪ್ರವಾಸಿಗರು ಹೆಚ್ಚು ಬರುವುದು ಏಪ್ರಿಲ್ ಮೇ ತಿಂಗಳಲ್ಲಿ. ಅಡಿಕೆ ತೋಟ ಬಾಯಾರುವುದೂ ಆಗಲೇ, ಹಳ್ಳಿಯ ನಲ್ಲಿ ನಿಲ್ಲುವುದೂ ಆಗಲೇ.

ಎರಡನೆಯದು ಭೂಮಿ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರ ಕೈಗೆ ಕೃಷಿಭೂಮಿ ಹೋಗದಂತೆ, ದೋಷಗಳಿದ್ದರೂ, ಒಂದು ತಡೆಯಾಗಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು ತೆಗೆದುಹಾಕಲಾಯಿತು. ಈಗ ಹಣವಿದ್ದ ಯಾರೂ ಹೊಲ ಕೊಳ್ಳಬಹುದು, ಭೂಪರಿವರ್ತನೆಗೆ ಅರ್ಜಿ ಹಾಕಬಹುದು. ಬೆಳೆ ಕೈಕೊಟ್ಟ ವರ್ಷದಲ್ಲಿ ದಲ್ಲಾಳಿ ಬಾಗಿಲಿಗೆ ಬಂದು ಎಕರೆಗೆ ಇಷ್ಟು ಎಂದರೆ ರೈತನಿಗೆ ಅದು ದೇವರು ಕೊಟ್ಟ ವರದಂತೆಯೇ ಕಾಣುತ್ತದೆ. ಅವನನ್ನು ದೂರುವುದು ನ್ಯಾಯವಲ್ಲ. ಆದರೆ ಹೊಲ ಮಾರಿದವನ ಮಗ ಅದೇ ಹೊಲದಲ್ಲಿ ಸಮವಸ್ತ್ರ ಧರಿಸಿ ಗೇಟು ಕಾಯುವುದನ್ನು ಮಲೆನಾಡು ಬೇಕಾದಷ್ಟು ಕಂಡಿದೆ. ಉದ್ಯೋಗ ಸಿಗುತ್ತದೆಂಬ ಮಾತು ಸುಳ್ಳಲ್ಲ. ಎಂಥ ಉದ್ಯೋಗ, ಎಷ್ಟು ತಿಂಗಳು, ಯಾವ ಸಂಬಳಕ್ಕೆ ಎಂಬುದನ್ನು ಮಾತ್ರ ಯಾರೂ ಮೊದಲೇ ಬರೆದುಕೊಡುವುದಿಲ್ಲ.

ಮೂರನೆಯದು ಗುಡ್ಡದ ತಾಳಿಕೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಊರುಗಳೇ ಮಣ್ಣಾದವು. ಅದಕ್ಕೆ ಅತಿವೃಷ್ಟಿ ಮುಖ್ಯ ಕಾರಣವಾದರೂ, ಇಳಿಜಾರುಗಳನ್ನು ಕಡಿದು ರಸ್ತೆ, ಮನೆ, ತಂಗುದಾಣಗಳನ್ನು ಕಟ್ಟಿದ್ದು ಮಣ್ಣಿನ ಹಿಡಿತವನ್ನು ಸಡಿಲಿಸಿತೆಂಬುದನ್ನು ಬಲ್ಲವರು ಹೇಳಿದರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳು ಒಂದೇ ರಾತ್ರಿಯಲ್ಲಿ ಕೊಚ್ಚಿಹೋದವು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿಯೇ ಪಶ್ಚಿಮಘಟ್ಟದ ಯಾವ ಭಾಗದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದನ್ನು ಗ್ರಾಮಸಭೆಗಳೊಂದಿಗೆ ಚರ್ಚಿಸಿ ನಿರ್ಧರಿಸಬೇಕೆಂದು ಹೇಳಿತ್ತು. ಆ ವರದಿ ಪಕ್ಕಕ್ಕೆ ಸರಿಯಿತು. ಅದಕ್ಕಿಂತ ಮೃದುವಾಗಿದ್ದ ಕಸ್ತೂರಿರಂಗನ್ ವರದಿಯನ್ನೂ ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ, ವಯನಾಡಿನ ಮಣ್ಣು ಒಣಗುವ ಮೊದಲೇ, ತಿರಸ್ಕರಿಸಿತು. ವರದಿ ಜಾರಿಯಾದರೆ ಮನೆ ಕಟ್ಟಲಾಗದು, ತೋಟ ಮಾಡಲಾಗದು ಎಂಬ ಭಯ ಹಳ್ಳಿಗರಲ್ಲಿದೆ. ಆ ಭಯವನ್ನು ಮುಂದಿಟ್ಟುಕೊಂಡು ಲಾಭ ಪಡೆಯುತ್ತಿರುವವರು ಬೇರೆಯೇ ಇದ್ದಾರೆ ಎಂಬುದನ್ನು ಹಳ್ಳಿಗರು ಈಗಲಾದರೂ ಯೋಚಿಸಬೇಕು.

ನ್ಯಾಯಾಲಯಗಳು ಕಣ್ಣುಮುಚ್ಚಿ ಕುಳಿತಿಲ್ಲ. ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯ ಅಕ್ರಮ ರೆಸಾರ್ಟುಗಳ ತೆರವನ್ನು ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನೀಲಗಿರಿಯ ಸಿಗೂರು ಪ್ರಸ್ಥಭೂಮಿಯ ಆನೆದಾರಿಯಲ್ಲಿದ್ದ ರೆಸಾರ್ಟುಗಳ ವಿರುದ್ಧದ ಮದರಾಸು ಉಚ್ಚ ನ್ಯಾಯಾಲಯದ 2011ರ ತೀರ್ಪನ್ನೂ ಎತ್ತಿಹಿಡಿಯಿತು. ಆದರೆ ಈ ದಿನಾಂಕಗಳ ನಡುವಿನ ಅಂತರವನ್ನು ಗಮನಿಸಬೇಕು. 2011ರ ತೀರ್ಪು ಗಟ್ಟಿಯಾಗಲು ಒಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಆನೆ ದಾರಿ ಬದಲಿಸಿ ಯಾರದೋ ಬಾಳೆತೋಟಕ್ಕೆ ನುಗ್ಗಿರುತ್ತದೆ. ಅಕ್ರಮವನ್ನು ಒಡೆಯುವ ದಿನ ಬೀದಿಗೆ ಬೀಳುವವರು ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಸ್ಥಳೀಯರೇ. ಕಟ್ಟಿದ ಮೇಲೆ ಕೆಡವುವುದಕ್ಕಿಂತ ಕಟ್ಟುವ ಮುನ್ನ ಕೇಳುವುದು ಎಲ್ಲರಿಗೂ ಮೇಲು.

ಈಗ ಚನ್ನಗಿರಿಯ ಸೀಮೆಗೆ ಬರೋಣ. ಮಲೆನಾಡು ಮುಗಿದು ಬಯಲು ತೆರೆದುಕೊಳ್ಳುವ ಸೆರಗಿನ ನಾಡಿದು. ಅಡಿಕೆಯೇ ಇಲ್ಲಿನ ಜೀವನಾಡಿ, ನೀರೇ ಅಡಿಕೆಯ ಜೀವ. ಭದ್ರೆಯ ಮೇಲ್ಭಾಗದ ಕಾಡಿನಲ್ಲಿ ಏನಾಗುತ್ತದೋ ಅದರ ಫಲವನ್ನು ನಾಲೆಯ ಕೊನೆಯ ಈ ರೈತರು ಉಣ್ಣುತ್ತಾರೆ. ಆ ಕಾಡಿಗೊಂದು ತ್ಯಾಗದ ಕಥೆಯೂ ಇದೆ. ಭದ್ರಾ ಅಭಯಾರಣ್ಯದ ಒಳಗಿದ್ದ ನಾಲ್ಕು ನೂರಕ್ಕೂ ಹೆಚ್ಚು ಕುಟುಂಬಗಳು 2002ರ ಸುಮಾರಿಗೆ ತಲೆಮಾರುಗಳ ಮನೆ ಗದ್ದೆಗಳನ್ನು ಬಿಟ್ಟು ಹೊರಬಂದವು. ಪರಿಹಾರ ಮತ್ತು ಪುನರ್ವಸತಿಯ ದೃಷ್ಟಿಯಿಂದ ದೇಶಕ್ಕೆ ಮಾದರಿಯೆಂದು ಅದು ಹೆಸರಾಯಿತು. ಹುಲಿಗಾಗಿ, ಹೊಳೆಗಾಗಿ ಮನೆಯನ್ನೇ ಬಿಟ್ಟುಕೊಟ್ಟ ಜನರ ಕಾಡಿನ ಅಂಚಿನಲ್ಲಿ, ಅವರಿಗಿಲ್ಲದ ಜಾಗ ಹಣವಂತನ ಈಜುಕೊಳಕ್ಕೆ ಸಿಕ್ಕರೆ ಅದು ಆ ತ್ಯಾಗಕ್ಕೆ ಮಾಡುವ ಅವಮಾನ.

ಇನ್ನು ಸೂಳೆಕೆರೆ. ಶಾಂತಿಸಾಗರವೆಂದೂ ಕರೆಯುವ ಈ ಕೆರೆ ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಕಟ್ಟೆ ಕಟ್ಟಿ ಹನ್ನೊಂದು ಹನ್ನೆರಡನೆಯ ಶತಮಾನದ ಸುಮಾರಿಗೆ ನಿರ್ಮಿಸಿದ್ದು. ಇಂದಿಗೂ ಇದು ಗದ್ದೆ ತೋಟಗಳಿಗೆ ಆಸರೆ. ಚನ್ನಗಿರಿಗೆ ಮಾತ್ರವಲ್ಲದೆ ಹೊಳಲ್ಕೆರೆ, ಚಿತ್ರದುರ್ಗಗಳ ಕಡೆಗೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಕೆರೆಯ ಗಡಿಯನ್ನು ಅಳೆದು ಗುರುತಿಸಿ, ಒತ್ತುವರಿ ತೆರವು ಮಾಡಿರೆಂದು ಸ್ಥಳೀಯರು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. 2014ರ ಕೆರೆ ಸಂರಕ್ಷಣಾ ಕಾಯ್ದೆಯು ಕೆರೆಯ ಅಂಚಿನಿಂದ 30 ಮೀಟರ್‌ವರೆಗೆ ಕಟ್ಟಡ ಕಟ್ಟದಂತೆ ತಡೆದಿತ್ತು. ಈ ಅಂತರವನ್ನು ಕೆರೆಯ ಗಾತ್ರಕ್ಕೆ ತಕ್ಕಂತೆ ಸಡಿಲಿಸುವ ಮಸೂದೆಯೊಂದು 2025ರಲ್ಲಿ ವಿಧಾನಮಂಡಲಕ್ಕೆ ಬಂತು. ಗಡಿಯೇ ಖಚಿತವಾಗದ ಕೆರೆಗೆ ಅಂಚು ಎಲ್ಲಿಂದ ಅಳೆಯುವುದು? ಗಡಿ ಗುರುತಿಸುವ ಮುನ್ನ ದೋಣಿವಿಹಾರ, ವಿಹಾರಧಾಮಗಳ ನಕ್ಷೆ ಬರೆಯುವುದೆಂದರೆ, ಹೊಲದ ಬಾಂದು ಕಲ್ಲು ನೆಡುವ ಮೊದಲೇ ಪಾಲು ಹಂಚಿಕೊಂಡಂತೆ. ಕುಡಿಯುವ ನೀರಿನ ಕೆರೆಯ ದಂಡೆಯಲ್ಲಿ ನೂರಾರು ಶೌಚಾಲಯಗಳು ಎದ್ದರೆ ಅವುಗಳ ಕೊಳಚೆ ಹರಿಯುವುದು ಇಳಿಜಾರಿನ ಕಡೆಗೇ.

ಸೂಳೆಕೆರೆಯನ್ನು ಕುರಿತು ಜನರ ಬಾಯಲ್ಲಿ ಒಂದು ಕಥೆಯಿದೆ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಕೆರೆಯಂಗಳದ ಜಾಗ ವೇಶ್ಯೆಯರದಾಗಿತ್ತಂತೆ. ಅವರು ಜಾಗ ಬಿಟ್ಟುಕೊಡಲು ಒಪ್ಪಿದರು. ಆದರೆ ಒಂದು ಕರಾರು ಹಾಕಿದರು: ಕೆರೆಗೆ ತಮ್ಮ ಹೆಸರೇ ಇರಬೇಕು. ರಾಜಕುಮಾರಿ ಒಪ್ಪಿದಳು. ರಾಜನ ಪಟ್ಟಣವೇ ನೀರಿನಲ್ಲಿ ಮುಳುಗಿತೆನ್ನುತ್ತದೆ ಕಥೆ. ಅವರ ಹೆಸರು ಮಾತ್ರ ಇಂದಿಗೂ ತೇಲುತ್ತಿದೆ. ಸಮಾಜದ ಕಟ್ಟಕಡೆಯ ಸಾಲಿನಲ್ಲಿದ್ದ ಹೆಣ್ಣುಮಕ್ಕಳಿಗೂ ಭೂಮಿ ಕೊಡುವ ಮುನ್ನ ಕರಾರು ಹಾಕುವ ಎದೆಗಾರಿಕೆ ಇತ್ತು ಎಂದು ಜನಪದ ನಂಬಿದೆ. ಊಟಿಯ ತೋಡರಿಗೆ ಆ ಅವಕಾಶ ಸಿಗಲಿಲ್ಲ. ಇಂದಿನ ಹಳ್ಳಿಗಳಿಗೆ ಕಾನೂನಿನ ಬಲವಿದೆ. ಕಟ್ಟಡಕ್ಕೆ ಪರವಾನಗಿ ಕೊಡುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಡತಗಳನ್ನು ಕೇಳಿ ಪಡೆಯಬಹುದು. ಇವನ್ನು ಬಳಸಬೇಕಾದವರು ಗ್ರಾಮಸಭೆಗೆ ಬರಬೇಕು.

ಯಾವುದೇ ರೆಸಾರ್ಟಿನ ಅರ್ಜಿ ಊರಿನ ಮುಂದೆ ಬಂದಾಗ ಗ್ರಾಮಸಭೆ ಐದು ಕರಾರುಗಳನ್ನು ಮುಂದಿಡಬೇಕು. ಮೊದಲನೆಯದು ನೀರಿನದು: ದಿನಕ್ಕೆ ಎಷ್ಟು ಲೀಟರ್, ಯಾವ ಮೂಲದಿಂದ, ಬೇಸಿಗೆಯಲ್ಲಿ ಎಷ್ಟು ಎಂಬುದು ಲಿಖಿತವಾಗಿ ಬರಬೇಕು. ಮೀಟರು ಪಂಚಾಯಿತಿಯ ಕಣ್ಣಳತೆಯಲ್ಲಿರಬೇಕು, ಊರಿನ ನಲ್ಲಿ ನಿಂತ ದಿನ ಈಜುಕೊಳಕ್ಕೂ ನೀರು ನಿಲ್ಲಬೇಕು. ಎರಡನೆಯದು ಕೊಳಚೆ ಮತ್ತು ಕಸದ್ದು: ಕೊಳಚೆಯನ್ನು ಶುದ್ಧೀಕರಿಸದೆ, ಕಸವನ್ನು ವಿಂಗಡಿಸದೆ ಬೇಲಿಯಿಂದ ಹೊರಗೆ ಬಿಡಕೂಡದು. ಮೂರನೆಯದು ಜಾಗದ್ದು: ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ, ಕಾನು, ಕಡಿದಾದ ಇಳಿಜಾರು ಇವುಗಳಿಗೆ ಕೈಹಚ್ಚಕೂಡದು. ಸರ್ವೆ ಮುಗಿದು ಕಲ್ಲು ನೆಟ್ಟ ಮೇಲಷ್ಟೇ ಅರ್ಜಿಯ ವಿಚಾರ. ನಾಲ್ಕನೆಯದು ಜನರದು: ಸ್ಥಳೀಯರಿಗೆ ಭವಿಷ್ಯನಿಧಿ ಸಹಿತವಾದ ವರ್ಷಪೂರ್ತಿ ಕೆಲಸ, ಅಡುಗೆಮನೆಗೆ ಊರಿನ ಅಕ್ಕಿ ತರಕಾರಿ ಹಾಲು, ಕೆರೆಗೆ ಹೋಗುವ ಹಾದಿ ದನಕರುಗಳಿಗೂ ಮೀನು ಹಿಡಿಯುವವರಿಗೂ ಎಂದಿನಂತೆ ಮುಕ್ತ. ಐದನೆಯದು ಕಾಡಿನದು: ಆನೆಯ ಹಾದಿಗೆ ಬೇಲಿ ಬೇಡ, ರಾತ್ರಿ ಹೊನಲುಬೆಳಕು ಬೇಡ, ಧ್ವನಿವರ್ಧಕ ಬೇಡ. ಇವುಗಳಲ್ಲಿ ಒಂದನ್ನು ಮುರಿದರೂ ಪರವಾನಗಿ ನವೀಕರಣ ಇಲ್ಲ ಎಂಬುದು ಠರಾವಿನಲ್ಲೇ ದಾಖಲಾಗಬೇಕು. ಈ ಕರಾರುಗಳಿಗೆ ಒಪ್ಪಿ ಬರುವವನು ಬರಲಿ, ಅವನು ಊರಿನ ಅತಿಥಿ. ಒಪ್ಪದವನಿಗೆ ಬೇಕಾದದ್ದು ಊರಿನ ಭೂಮಿ ಮಾತ್ರ, ಊರಲ್ಲ.

ಪ್ರವಾಸಿಗರನ್ನು ಓಡಿಸಿ ಎಂದು ಯಾರೂ ಹೇಳುತ್ತಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿ, ಸೂಳೆಕೆರೆಯ ಕಟ್ಟೆಯ ಮೇಲೆ ನಿಂತು, ಊರಿನ ಮನೆಯೊಂದರಲ್ಲಿ ಮುದ್ದೆಯನ್ನೋ ರೊಟ್ಟಿಯನ್ನೋ ಉಂಡು ಹೋಗುವ ಪ್ರವಾಸಿಗನಿಂದ ಊರಿಗೂ ಲಾಭ, ಅವನಿಗೂ ಅರಿವು. ಹತ್ತು ಮನೆಗಳಲ್ಲಿ ಎರಡೆರಡು ಕೋಣೆಗಳಿದ್ದರೆ ಹಣ ಹತ್ತು ಮನೆಗಳಿಗೆ ಹಂಚಿಹೋಗುತ್ತದೆ. ಸರ್ಕಾರದ ಪ್ರವಾಸೋದ್ಯಮ ನೀತಿಗಳು ಸಹಾಯಧನ ಕೊಡಬೇಕಾದದ್ದು ಮೊದಲು ಇಂಥವರಿಗೆ.

ವಿದ್ಯಾರ್ಥಿಗಳು ಈ ಬೇಸಿಗೆ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ತಮ್ಮ ಊರಿನ ಕೆರೆ, ಬಾವಿ, ಕೊಳವೆಬಾವಿಗಳನ್ನು ಎಣಿಸಿ, ಯಾವುದರಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆಂಬುದನ್ನು ಹಿರಿಯರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಮುಂದೊಂದು ದಿನ ಬಣ್ಣದ ನಕ್ಷೆ ಹಿಡಿದವರು ಗ್ರಾಮಸಭೆಗೆ ಬಂದು ಇಲ್ಲಿ ನೀರು ಧಾರಾಳವಾಗಿದೆ ಎಂದಾಗ, ಮೇಜಿನ ಮೇಲಿಡಲು ಊರಿನ ಕೈಯಲ್ಲೂ ಒಂದು ಲೆಕ್ಕ ಇರುತ್ತದೆ.